ಹೋಟೆಲ್ ಬಿಲ್ಲಲ್ಲಿ ಇರೋ ತೆರಿಗೆ ಲೆಕ್ಕ ಪೆಟ್ರೋಲ್ ಬಂಕ್ ಚೀಟೀಲಿ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ,

ನಾನು ಟೈಲ್ಸ್ ಕೆಲಸ ಮಾಡೋನು. ಊರು ಮದ್ದೂರು ತಾಲೂಕು, ಕೆಲಸ ಹೆಚ್ಚಾಗಿ ಮಂಡ್ಯದಲ್ಲಿ. ಹೋಗಿ ಬರೋಕೆ 45 ಕಿಲೋಮೀಟರ್, ನನ್ನ ಹಳೇ ಬೈಕು ಲೀಟರಿಗೆ ಕೊಡೋದೂ ಅಷ್ಟೇ, ಹಾಗಾಗಿ ದಿನಾ ಒಂದು ಲೀಟರ್ ಪೆಟ್ರೋಲ್ ಅಂತ ಕಣ್ಮುಚ್ಚಿ ಲೆಕ್ಕ ಹಾಕಬಹುದು. ಬಸ್ಸಲ್ಲಿ ಹೋಗಪ್ಪಾ ಅಂತಾರೆ ಕೆಲವರು. ಕಟ್ಟರ್ ಮಷೀನು, ಕರಣೆ, ರಸಮಟ್ಟ, ರಬ್ಬರ್ ಸುತ್ತಿಗೆ, ಎರಡು ಬಕೆಟ್ಟು ಇಷ್ಟೂ ಹೊತ್ಕೊಂಡು ಬಸ್ಸು ಹತ್ತಿ ಇಳಿದು ಸೈಟ್‌ವರೆಗೂ ನಡ್ಕೊಂಡು ಹೋಗೋರು ಯಾರಾದ್ರೂ ಇದ್ರೆ ತೋರಿಸ್ಲಿ. ಬಸ್ ಚಾರ್ಜೂ 2025ರ ಜನವರಿ 5ರಿಂದ 15 ಪರ್ಸೆಂಟ್ ಏರಿದೆ, ಅದು ಬೇರೆ ಮಾತು.

2024ರ ಜೂನ್ 15ಕ್ಕೆ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆನ 25.92ರಿಂದ 29.84 ಪರ್ಸೆಂಟಿಗೆ ಏರಿಸ್ತಲ್ಲ, ಬೆಂಗಳೂರಲ್ಲಿ 99.84 ಇದ್ದಿದ್ದು 102.84 ಆಯ್ತು. ಸತ್ಯ ಹೇಳ್ಬೇಕಂದ್ರೆ ಅದರಿಂದ ನನ್ನ ಬೈಕಿಗೆ ಬಿದ್ದಿದ್ದು ತಿಂಗಳಿಗೆ 75 ರೂಪಾಯಿ, ಅದೂ 25 ದಿನ ಕೆಲಸ ಸಿಕ್ಕಿದ್ರೆ. ಟಿವಿಯೋರು ಪೆಟ್ರೋಲ್ ನೂರು ದಾಟಿತು ಅಂತ ಬೊಬ್ಬೆ ಹೊಡೀತಾರೆ, ನಮ್ಮಂಥೋರ ಬೆನ್ನು ಮುರಿದಿದ್ದು ಡೀಸೆಲ್ಲು. ಅವತ್ತೇ ಅದಕ್ಕೂ 3 ರೂಪಾಯಿಗೆ ಮೇಲೆ ಏರ್ತು, ಆಮೇಲೆ 2025ರ ಏಪ್ರಿಲ್ 1ಕ್ಕೆ ತೆರಿಗೆ 18.44ರಿಂದ 21.17 ಪರ್ಸೆಂಟ್ ಆಗಿ ಇನ್ನೆರಡು ರೂಪಾಯಿ. ಅದೇ ದಿನ ನಂದಿನಿ ಹಾಲಿಗೆ 4 ರೂಪಾಯಿ ಏರಿದ್ರಿಂದ ಎಲ್ರೂ ಹಾಲಿನ ಮಾತೇ ಆಡಿದ್ರು.

ನಮ್ಮ ಮನೆಯವಳು ಗಾರ್ಮೆಂಟ್ಸಿಗೆ ಹೋಗ್ತಾಳೆ. ಶಕ್ತಿ ಯೋಜನೇಲಿ ಬಸ್ಸು ಫ್ರೀ, ಅದಕ್ಕೆ ನನ್ನ ತಕರಾರಿಲ್ಲ, ನಮ್ಮವ್ವ ಆಸ್ಪತ್ರೆಗೆ ಹೋಗೋದು ಅದರಲ್ಲೇ. ಆದ್ರೆ ನಮ್ಮೂರಿಗೆ ಬಸ್ಸು ಬರೋದು ಎಂಟೂಮುಕ್ಕಾಲಿಗೆ, ಫ್ಯಾಕ್ಟರಿ ಗೇಟು ಹಾಕೋದು ಒಂಬತ್ತಕ್ಕೆ. ಅದಕ್ಕೆ ಹದಿನಾಲ್ಕು ಹೆಂಗಸರು ಸೇರ್ಕೊಂಡು ಒಂದು ವ್ಯಾನ್ ಗೊತ್ತು ಮಾಡಿದಾರೆ, ತಲೆಗೆ ತಿಂಗಳಿಗೆ 900 ಇದ್ದಿದ್ದು ಈಗ 1,200. ಡೀಸೆಲ್ ಏರಿದ್ದು ಐದು ರೂಪಾಯಿ, ನೀನು ಏರಿಸಿದ್ದು ಮುನ್ನೂರಾ ಅಂತ ಕೇಳಿದ್ರೆ ವ್ಯಾನಿನವನು ಟೈರು, ಇನ್ಶೂರೆನ್ಸು ಅಂತ ಶುರು ಹಚ್ಕೋತಾನೆ. ಅವನೂ ನಮ್ಮೂರೋನೇ, ಎಷ್ಟು ಅಂತ ಜಗಳ ಆಡೋದು.

ಸೈಟಲ್ಲಿ ಇನ್ನೊಂದು ತರ. ಡೀಸೆಲ್ ಏರಿದ ತಕ್ಷಣ ಎಂ-ಸ್ಯಾಂಡ್ ಲೋಡು, ಜಲ್ಲಿ, ಟೈಲ್ಸ್ ತಂದಿಳಿಸೋ ಟೆಂಪೋ ಬಾಡಿಗೆ ಎಲ್ಲಾ ಏರುತ್ತೆ, ಮನೆ ಕಟ್ಸೋರು ಬಾಯಿ ಮುಚ್ಕೊಂಡು ಕೊಡ್ತಾರೆ, ಲಾರಿಯವನ ಹತ್ರ ಚೌಕಾಸಿ ನಡೆಯಲ್ಲ. ಟೈಲ್ಸಿನೋರ ಸರದಿ ಬರೋದು ಕೊನೆಗೆ, ಅಷ್ಟೊತ್ತಿಗೆ ಮನೆ ಕಟ್ಸೋರ ಕೈ ಬರಿದಾಗಿರುತ್ತೆ. "ನೋಡಪ್ಪಾ ದುಡ್ಡೆಲ್ಲಾ ಮರಳಿಗೇ ಹೋಯ್ತು, ನೀನೇ ಅಡಿಗೆ ಎರಡು ರೂಪಾಯಿ ಬಿಡು" ಅಂತಾರೆ. ಮೂರು ವರ್ಷದಿಂದ ನನ್ನ ರೇಟು ಒಂದೇ, ಅದರಲ್ಲೂ ಎರಡು ರೂಪಾಯಿ ಬಿಡಬೇಕಂತೆ. ಲಾರಿಯವರು 2025ರ ಏಪ್ರಿಲ್‌ನಲ್ಲಿ ಮುಷ್ಕರ ಮಾಡಿದ್ರು. ನಾನು ಒಂದು ದಿನ ಮನೇಲಿ ಕೂತ್ರೆ ಇನ್ನೊಬ್ಬ ಬಂದು ಟೈಲ್ಸ್ ಹಾಕಿ ಹೋಗಿರ್ತಾನೆ.

ಟೀ ಅಂಗಡೀಲಿ ಈ ಮಾತು ಎತ್ತಿದ್ರೆ ಸಾಕು, ಅರ್ಧ ಜನ ದಿಲ್ಲಿ ಕಡೆ ಕೈ ತೋರಿಸ್ತಾರೆ ಅರ್ಧ ಜನ ವಿಧಾನಸೌಧದ ಕಡೆ. ಇಬ್ರೂ ಸರಿನೇ. 2020ರ ಮೇನಲ್ಲಿ ಕಚ್ಚಾತೈಲ ನೆಲ ಕಚ್ಚಿದ್ದಾಗ ಕೇಂದ್ರದೋರು ತಮ್ಮ ಎಕ್ಸೈಸ್ ತೆರಿಗೆನ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಒಂದೇ ಏಟಿಗೆ ಏರಿಸಿದ್ರು, 2021 ಮತ್ತೆ 2022ರಲ್ಲಿ ಇಳಿಸಿದ್ದೂ ನಿಜ. 2025ರ ಏಪ್ರಿಲ್ 8ಕ್ಕೆ ಮತ್ತೆ 2 ರೂಪಾಯಿ ಎಕ್ಸೈಸ್ ಏರಿತು, ಆದ್ರೆ ಕಚ್ಚಾತೈಲ ಇಳಿದಿದ್ರಿಂದ ಬಂಕಿನ ರೇಟು ಅಲ್ಲಾಡಲಿಲ್ಲ, ಯಾರಿಗೂ ಗೊತ್ತೇ ಆಗಲಿಲ್ಲ. ಆ ಎರಡು ರೂಪಾಯಿ ನಮಗೆ ಕಮ್ಮಿ ಆಗಬೇಕಿತ್ತು ತಾನೇ? ಇನ್ನು ರಾಜ್ಯದ್ದು ಪರ್ಸೆಂಟ್ ಲೆಕ್ಕ, ಮೂಲ ರೇಟು ಏರಿದ್ರೆ ತೆರಿಗೆ ತಾನಾಗೇ ಏರುತ್ತೆ. ಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲಿ ಡೀಸೆಲ್ ಕಮ್ಮಿ ಅಂತಾರೆ ಮಂತ್ರಿಗಳು, ಇರಬಹುದು, ಆ ವ್ಯಾನು ಹೋಗೋದು ಮದ್ದೂರಿಗೆ ಸ್ವಾಮಿ, ಪಕ್ಕದ ರಾಜ್ಯಕ್ಕಲ್ಲ.

ರೇಟು ಇಳಿಸಿ ಅಂತ ನಾನು ಕೇಳ್ತಿಲ್ಲ, ಕೇಳಿದ್ರೆ ಇಳಿಯೋದೂ ಇಲ್ಲ. ಎರಡು ಇಡ್ಲಿ ಒಂದು ವಡೆ ತಿಂದ್ರೂ ಎಷ್ಟೋ ಹೋಟೆಲ್ ಬಿಲ್ಲಲ್ಲಿ ಸಿಜಿಎಸ್‌ಟಿ ಇಷ್ಟು ಎಸ್‌ಜಿಎಸ್‌ಟಿ ಇಷ್ಟು ಅಂತ ಪೈಸೆ ಲೆಕ್ಕ ಇರುತ್ತೆ. ಪೆಟ್ರೋಲ್ ಡೀಸೆಲ್ ಜಿಎಸ್‌ಟಿ ಒಳಗೆ ಬರಲ್ಲ ಸರಿ, ಆದ್ರೆ ಬಂಕ್ ಚೀಟೀಲೂ ಕೇಂದ್ರಕ್ಕೆ ಎಷ್ಟು ರಾಜ್ಯಕ್ಕೆ ಎಷ್ಟು ಅಂತ ಎರಡು ಸಾಲು ಪ್ರಿಂಟ್ ಮಾಡೋಕೆ ಏನು ಕಷ್ಟ? ಹೋದ ವಾರ 100 ರೂಪಾಯಿಗೆ ಹಾಕ್ಸಿ ಚೀಟಿ ಕೇಳಿದೆ. ಬಂಕಿನ ಹುಡುಗ ನನ್ನ ಮುಖ ನೋಡಿ, ನೂರು ರೂಪಾಯಿಗೆ ಚೀಟಿನಾ ಅಂತ ನಕ್ಕು ಹರಿದು ಕೊಟ್ಟ. 0.97 ಲೀಟರ್ ಅಂತಿತ್ತು, ಕೆಳಗೆ ಥ್ಯಾಂಕ್ಯೂ ಮತ್ತೆ ಬನ್ನಿ ಅಂತಿತ್ತು, ಮಧ್ಯೆ ಎರಡು ಸಾಲಿಗೆ ಬೇಕಾದಷ್ಟು ಜಾಗ ಖಾಲಿ ಇತ್ತು.

ಇಂತಿ,
ಒಬ್ಬ ಟೈಲ್ಸ್ ಕೆಲಸಗಾರ, ಮದ್ದೂರು ತಾಲೂಕು