ನಮ್ಮ ದಪ್ಪಕ್ಷರದ ಫಾಂಟ್: ಹೊಸ ಬೆಲೆ, ಹೊಸ ಲೈಸೆನ್ಸ್

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ದಪ್ಪಕ್ಷರದ ಫಾಂಟ್ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಆವೃತ್ತಿಯಲ್ಲಿ ಮಾತ್ರ ಸಿಗುತ್ತದೆ. ಹಳೆಯ ಎನ್‌ಕೋಡಿಂಗಿನ (ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುವ ಪದ್ಧತಿ) ಆವೃತ್ತಿಯ ಮಾರಾಟ ನಿಲ್ಲಿಸುತ್ತಿದ್ದೇವೆ. ಬೆಲೆಯೂ ಏರುತ್ತಿದೆ, ಲೈಸೆನ್ಸ್ ಇನ್ನು ಕಂಪ್ಯೂಟರುಗಳ ಲೆಕ್ಕದಲ್ಲಿ. ಈಗಾಗಲೇ ಕೊಂಡವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ನೀವು ಕೊಂಡಾಗ ಒಪ್ಪಿದ ಷರತ್ತೇ ಮುಂದೆಯೂ ಇರುತ್ತದೆ, ಹೊಸ ಆವೃತ್ತಿಯೂ ನಿಮಗೆ ಉಚಿತ. ಕೈಯಲ್ಲಿ ಕೆಲಸ ಇಟ್ಟುಕೊಂಡಿರುವ ಹೊತ್ತಿನಲ್ಲಿ ಈ ಸುದ್ದಿ ಹೇಳಬೇಕಾಗಿ ಬಂದಿದ್ದಕ್ಕೆ ಕ್ಷಮೆ ಇರಲಿ.

ವಿಷಯ ತಿಳಿದವರು ಕರೆ ಮಾಡಿ ಮತ್ತೆ ಮತ್ತೆ ಕೇಳುತ್ತಿರುವುದು ಒಂದೇ: “ಕನ್ನಡದಲ್ಲಿ ಇರೋದೇ 49 ಅಕ್ಷರ. ಒಂದು ಸಲ ಬರೆದಾಯ್ತು. ಆಮೇಲೆ ಕಾಪಿ ಮಾಡಿ ಕೊಡೋದಕ್ಕೆ ನಿಮಗೇನು ಖರ್ಚು?” ಇದಕ್ಕೆ ಉತ್ತರಿಸದೆ ಬೆಲೆ ಏರಿಸುವುದು ಸರಿಯಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ವರ್ಣಮಾಲೆಯಲ್ಲಿ 49 ಇರುವುದು ನಿಜ. ಆದರೆ ‘ಕ’ ಬರೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ‘ಕಾ’ದಲ್ಲಿ ತಲೆಕಟ್ಟಿನ ಜಾಗಕ್ಕೆ ಇಳಿ ಬರುತ್ತದೆ. ‘ಕಿ’ಯಲ್ಲಿ ಗುಡಿಸು ಅಕ್ಷರದ ಮೈಗೇ ಸೇರಿಕೊಳ್ಳುತ್ತದೆ. ‘ಕೆ’ಗೆ ಏತ್ವ, ಕೆಳಗೆ ಕೂರಲು ಒತ್ತು ಬೇರೆ. 34 ವ್ಯಂಜನಗಳಿಗೂ ಹೀಗೇ. ತ, ನ, ಮ, ಯ, ರ, ಲ ಒತ್ತುಗಳಿಗಂತೂ ಮೂಲಾಕ್ಷರಕ್ಕಿಂತ ಬೇರೆಯದೇ ಆಕಾರ. ಯೂನಿಕೋಡ್ ಕನ್ನಡಕ್ಕೆಂದು ಮೀಸಲಿಟ್ಟ 128 ಸ್ಥಾನಗಳಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಜಾಗವೇ ಇಲ್ಲ. ನೀವು ‘ಸ್ತ್ರೀ’ ಎಂದು ಟೈಪ್ ಮಾಡಿದರೆ ಒಳಗೆ ಹೋಗುವುದು ಆರು ಸಂಕೇತ. ಅವು ಯಾವ ಆಕಾರ ತಳೆದು ಎಲ್ಲಿ ಕೂರಬೇಕು ಎಂಬ ನಿಯಮವನ್ನು ಫಾಂಟಿನೊಳಗೆ ನಾವೇ ಬರೆದಿಡಬೇಕು.

ಇದರ ಮೇಲೆ, ಉಳಿಯಿಂದ ಕೆತ್ತಿದಂತಿರುವ ಆ ಒರಟುತನ. ನೀವು ಈ ಫಾಂಟ್ ಮೆಚ್ಚಿದ್ದೇ ಅದಕ್ಕೆ. ‘ನಮನ’ ಎಂಬ ಪದ ನೋಡಿ. ಎರಡೂ ‘ನ’ಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಚಕ್ಕೆ ಎದ್ದಿದ್ದರೆ ಅದು ಕೈಕೆಲಸವಲ್ಲ ಎಂದು ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ಹೆಚ್ಚು ಬಳಕೆಯ ಪ್ರತಿ ಅಕ್ಷರಕ್ಕೂ ಮೂರು ರೂಪ ಬರೆದಿದ್ದೇವೆ. ಅಕ್ಕಪಕ್ಕ ಏನು ಬಂದಿದೆ ಎಂದು ನೋಡಿ ಫಾಂಟೇ ರೂಪ ಬದಲಿಸುತ್ತದೆ. ಒರಟು ಮಾಡಲು ನಾವು ಯಾವ ಫಿಲ್ಟರನ್ನೂ ಬಳಸಿಲ್ಲ. ಒಂದೊಂದು ಚಕ್ಕೆಯೂ ಕೈಯಲ್ಲೇ ತೆಗೆದದ್ದು. ಈ ಬಗ್ಗೆ ನಮಗೆ ಹೆಮ್ಮೆಯಿದೆ.

ದಪ್ಪದ್ದು ಇನ್ನೊಂದು ಪಾಡು. ‘ರ’ಕ್ಕೂ ‘ಠ’ಕ್ಕೂ ಇರುವ ವ್ಯತ್ಯಾಸ ನಡುವಿನ ಒಂದು ಚುಕ್ಕೆ. ಗೆರೆ ದಪ್ಪವಾದಷ್ಟೂ ಆ ಚುಕ್ಕೆಗೆ ಜಾಗ ಕಡಿಮೆ, ಚುಕ್ಕೆ ಮುಚ್ಚಿಹೋದರೆ ‘ಮಠ’ ಹೋಗಿ ‘ಮರ’ ಆಗುತ್ತದೆ. ಹೊರಗಿನಿಂದ ದಪ್ಪ ಕಾಣುವಂತೆ ಉಳಿಸಿಕೊಂಡು ಒಳಗಿನಿಂದ ಗೆರೆಯನ್ನು ಸಣ್ಣಗೆ ಹೆರೆದಿದ್ದೇವೆ. ‘ಧ’ದ ಕೆಳಗಿನ ಸೀಳನ್ನು ‘ದ’ ಎಂದು ಓದದಷ್ಟು ಆಳಕ್ಕೆ ಕೊರೆದಿದ್ದೇವೆ. ಬೆಲೆಯಲ್ಲಿ ನೀವು ಕೊಡುವುದು ಈ ಕೆಲಸದ ಕೂಲಿ. ಡಿಸೈನ್ ತಂತ್ರಾಂಶಗಳು ಅಪ್‌ಡೇಟ್ ಆದಾಗಲೆಲ್ಲ ಎಲ್ಲ ಒತ್ತುಗಳನ್ನೂ ಮತ್ತೆ ಪರೀಕ್ಷಿಸಬೇಕು, ಅದಕ್ಕೆ ನಮಗೆ ಯಾರೂ ದುಡ್ಡು ಕೊಡುವುದಿಲ್ಲ.

“ಪ್ರಿಂಟಿನಲ್ಲಿ ಅಕ್ಷರ ಕಟ್ಟಿಕೊಂಡಿದೆ” ಎಂದು ಬರುವ ಫೋಟೋಗಳ ವಿಷಯ. ಹೆಚ್ಚಿನವುಗಳಲ್ಲಿ ಅಕ್ಷರಕ್ಕೆ ಮೇಲಿಂದ ಸ್ಟ್ರೋಕ್ (ಅಂಚಿನ ಗೆರೆ) ಕೊಟ್ಟಿರುತ್ತಾರೆ. ದಯವಿಟ್ಟು ಕೊಡಬೇಡಿ. ಸ್ಟ್ರೋಕ್ ಒಳಗಿನ ಜಾಗವನ್ನೂ ತಿನ್ನುತ್ತದೆ. ಅಂಚು ಬೇಕೇ ಬೇಕೆಂದರೆ ಅದೇ ಪದದ ಇನ್ನೊಂದು ಪ್ರತಿಯನ್ನು ಹಿಂದೆ ಇಟ್ಟು ಅದಕ್ಕೆ ಕೊಡಿ. ಪೋಸ್ಟರ್, ಪುಸ್ತಕದ ಮುಖಪುಟ, ಬೋರ್ಡು, ಲೇಬಲ್ಲಿನ ಹೆಸರು, ಇವಕ್ಕೆಂದೇ ಮಾಡಿದ ಫಾಂಟ್ ಇದು. ವಿಳಾಸಕ್ಕೂ ಪ್ಯಾರಾಗಳಿಗೂ ಪಕ್ಕದಲ್ಲಿ ಒಂದು ಸರಳ ಫಾಂಟ್ ಇರಲಿ. ಎರಡು ಸಾಲಿನ ಶೀರ್ಷಿಕೆಯಲ್ಲಿ ಅಂತರ ಹೆಚ್ಚಾಯಿತು ಎನ್ನುವವರಿಗೆ: ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ತಗಲದಿರಲೆಂದು ಬಿಟ್ಟ ಜಾಗ ಅದು. ಮೇಲಿನ ಸಾಲಿನಲ್ಲಿ ಒತ್ತು ಇಲ್ಲದಿದ್ದರೆ ಧಾರಾಳವಾಗಿ ಬಿಗಿ ಮಾಡಿ.

ಹಳೆಯ ಎನ್‌ಕೋಡಿಂಗ್ ಬಿಡಲು ಕಾರಣ ಒಂದೇ. ಅಲ್ಲಿ ಪ್ರತಿ ಆಕಾರವೂ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಬೇಕು, ಮೂರು ಮೂರು ರೂಪ ತುಂಬಲು ಅಲ್ಲಿ ಜಾಗವೇ ಇಲ್ಲ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಒತ್ತು ಒಡೆದು ಕಾಣಿಸಿದರೆ ಅದರಲ್ಲೇ ಇರುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಳ್ಳಿ. ಎಷ್ಟೋ ದೂರುಗಳು ಅಷ್ಟಕ್ಕೇ ಬಗೆಹರಿದಿವೆ.

ಒಬ್ಬರೇ ಕೂತು ಕೆಲಸ ಮಾಡುವ ಡಿಸೈನರುಗಳಿಗೂ ವಿದ್ಯಾರ್ಥಿಗಳಿಗೂ ಈ ವರ್ಷದ ಕೊನೆಯವರೆಗೆ ಹಳೆಯ ಬೆಲೆಯೇ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸಬೇಕಿದ್ದರೆ ನಮಗೆ ಕಳಿಸಿ, ಬದಲಿಸಿ ಒತ್ತುಗಳನ್ನೆಲ್ಲ ನೋಡಿ ವಾಪಸ್ ಕಳಿಸುತ್ತೇವೆ. ಅದಕ್ಕೆ ಹಣ ಬೇಡ. ಫೋನ್ ಎತ್ತುವವರು ಈ ಅಕ್ಷರ ಬರೆದವರೇ, ಸಂಕೋಚವಿಲ್ಲದೆ ಕೇಳಿ.

ಇಂತಿ ನಿಮ್ಮ,
ಫಾಂಟ್ ಬಳಗ