ಗೇರ್ ಬದಲಾಯಿಸಿದ್ದು ನೀವು, 'ರೈಡರ್ ಮಿಸ್‌ಯೂಸ್' ಅಂತ ಬರೆದಿದ್ದು ನನ್ನ ಹೆಸರಿಗೆ

ಗೆ,
ಮಾಲೀಕರು,
ಸೈಕಲ್ ಶೋರೂಮ್ ಮತ್ತು ಸರ್ವೀಸ್ ಸೆಂಟರ್, ಮೈಸೂರು

ವಿಷಯ: ರೋಡ್ ಬೈಕ್ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪು) ಬದಲಾಯಿಸಿದ ಕೆಲಸದಲ್ಲಿನ ತಪ್ಪು, ಅದನ್ನ ಕೇಳೋಕೆ ಬಂದಾಗ ಕೌಂಟರಲ್ಲಿ ನನಗಾದ ಅವಮಾನ

ಮಾನ್ಯರೆ,

ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು. ಪ್ರತಿ ಸಲ 'ಮ್ಯಾನೇಜರ್ ಕಾಲ್ ಮಾಡ್ತಾರೆ ಸಾರ್' ಅಂತಾರೆ, ಯಾರೂ ಮಾಡಲ್ಲ, ವಾಟ್ಸಾಪಲ್ಲಿ ಫೋಟೋ ಕಳಿಸಿದ್ರೆ ನೀಲಿ ಟಿಕ್ ಬೀಳತ್ತೆ ಅಷ್ಟೆ. ಇನ್ನೂ ಸುಮ್ನಿರ್ತಿದ್ನೋ ಏನೋ, ಆದ್ರೆ ಮೊನ್ನೆ ನೀವು ಕಳಿಸಿದ ಎಸ್ಟಿಮೇಟ್ ನೋಡಿದ ಮೇಲೆ ಬರವಣಿಗೇಲೇ ಕೊಡೋಣ ಅಂತ ಕೂತಿದ್ದೀನಿ. ನಿಮ್ಮ ಕೆಲಸದಿಂದ ಮುರಿದ ಸಾಮಾನಿಗೆ ನನ್ನ ಹತ್ರಾನೇ ದುಡ್ಡು ಕೇಳಿದ್ದೀರ, ಕೆಳಗೆ 'ರೈಡರ್ ಮಿಸ್‌ಯೂಸ್' ಅಂತ ಬೇರೆ ಬರೆದಿದ್ದೀರ. ಆ ಎರಡು ಪದ ನನ್ನ ನಿದ್ದೆ ಕೆಡಿಸಿವೆ.

ನಾನು ಕೇಳಿದ್ದು ಏನು ಅನ್ನೋದು ನಿಮ್ಮ ಜಾಬ್ ಕಾರ್ಡಲ್ಲೇ ಇದೆ. ಮುಂದೆ ಪೆಡಲ್ ಹತ್ರ 50 ಮತ್ತು 34 ಹಲ್ಲಿನ ಎರಡು ಚಕ್ರ ಇರೋ ಕ್ರ್ಯಾಂಕ್, ಹಿಂದೆ 11-28 ಕ್ಯಾಸೆಟ್, ಅಂದ್ರೆ 11 ಹಲ್ಲಿಂದ 28 ಹಲ್ಲಿನವರೆಗಿಂದು, ಚಾಮುಂಡಿ ಬೆಟ್ಟ ಹತ್ತುವಾಗ ಮಂಡಿ ನೋಯತ್ತೆ, ಡಾಕ್ಟರು ಸೈಕಲ್ ಬಿಡಬೇಡಿ ಆದ್ರೆ ಭಾರ ತುಳೀಬೇಡಿ ಹಗುರವಾಗಿ ಜಾಸ್ತಿ ಸುತ್ತು ತುಳೀರಿ ಅಂದಿದ್ದಾರೆ, ಅದಕ್ಕೆ 11-34 ಹಾಕಿಕೊಡಿ ಅಂದೆ. ಮುಂದೆ 34 ಹಿಂದೆ 28 ಇದ್ರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು ಎರಡೂವರೆ ಮೀಟರ್ ಮುಂದಕ್ಕೆ ಹೋಗಬೇಕು, ಹಿಂದೆನೂ 34 ಆದ್ರೆ ಎರಡು ಮೀಟರ್ ಚಿಲ್ಲರೆ. ನನ್ನ ವಯಸ್ಸಿನವರ ಮಂಡಿಗೆ ಆ ವ್ಯತ್ಯಾಸ ಏನು ಅಂತ ಹತ್ತಿದವರಿಗೇ ಗೊತ್ತು. ಆವತ್ತೇ ಬಾಯಿಬಿಟ್ಟು ಕೇಳಿದ್ದೆ, ಈಗಿರೋ ಡಿರೇಲರ್, ಅಂದ್ರೆ ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸೋ ಭಾಗ, 34ನ ಹಿಡಿಯತ್ತಾ ಅಂತ. ನಿಮ್ಮ ಮ್ಯಾನೇಜರು ಸೈಕಲ್ ಕಡೆ ತಿರುಗೂ ನೋಡದೆ 'ಎಲ್ಲಾ ಹಿಡಿಯತ್ತೆ, ಟ್ಯೂನಿಂಗಲ್ಲಿ ಅಡ್ಜಸ್ಟ್ ಮಾಡ್ತೀವಿ' ಅಂದ್ರು.

ನೀವು ಶಿಮಾನೊ ಕಂಪನಿ ಸಾಮಾನು ಮಾರೋರು, ಅವರ ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಾ? ನನ್ನ ಸೈಕಲಲ್ಲಿ ಇದ್ದದ್ದು ಅವರ 105 ಆರ್7000 ಡಿರೇಲರ್, ಗಿಡ್ಡ ಕೇಜಿಂದು (ಕೇಜ್ ಅಂದ್ರೆ ಚೈನಿನ ಸಡಿಲ ಎಳೆದು ಹಿಡಿಯೋ ಕೆಳಗಿನ ತೋಳು), ಮಾಡೆಲ್ ಎಸ್‌ಎಸ್. ಅದಕ್ಕೆ ಹಿಂದಿನ ಅತಿ ದೊಡ್ಡ ಹಲ್ಲುಚಕ್ರ 30, ಒಟ್ಟು ಕೆಪಾಸಿಟಿ, ಅಂದ್ರೆ ಮುಂದಿನ ಮತ್ತು ಹಿಂದಿನ ಹಲ್ಲುಗಳ ವ್ಯತ್ಯಾಸ ಕೂಡಿದ್ರೆ ಅದು ತಡ್ಕೊಳ್ಳೋ ಮಿತಿ, 35. ಮುಂದಿನ ವ್ಯತ್ಯಾಸ 16, ಹಿಂದೆ 11ರಿಂದ 34ಕ್ಕೆ 23, ಕೂಡಿದ್ರೆ 39. ಸರಿಯಾಗಿ 34ಕ್ಕೂ 39ಕ್ಕೂ ಅಂತಾನೇ ಅದೇ ಕಂಪನಿ ಉದ್ದ ಕೇಜಿನ ಜಿಎಸ್ ಮಾಡಿದೆ, ನಿಮ್ಮ ಗಾಜಿನ ಶೋಕೇಸಲ್ಲೇ ಇತ್ತು. ಗಿಡ್ಡ ಕೇಜಲ್ಲಿ ಈ ಕೆಲಸ ಯಾವ ಕಡೆಯಿಂದಲೂ ಕೂರಲ್ಲ: ಚೈನ್ ಉದ್ದ ಮಾಡಿದ್ರೆ ಚಿಕ್ಕದು-ಚಿಕ್ಕದರಲ್ಲಿ, ಅಂದ್ರೆ ಮುಂದೆನೂ ಹಿಂದೆನೂ ಚಿಕ್ಕ ಚಕ್ರದಲ್ಲಿ, ಜೋತು ಬೀಳತ್ತೆ, ಗಿಡ್ಡ ಬಿಟ್ರೆ ದೊಡ್ಡದು-ದೊಡ್ಡದರಲ್ಲಿ ಬಿಗಿದು ಡಿರೇಲರನ್ನೇ ಕಿತ್ತುಹಾಕತ್ತೆ. ನೀವು ಗಿಡ್ಡನೇ ಬಿಟ್ರಿ. 11-28ಕ್ಕೆ ಅಂತ ಕತ್ತರಿಸಿದ್ದ ಹಳೇ ಚೈನನ್ನೇ ವಾಪಸ್ ಹಾಕಿದ್ರಿ, ಡಿರೇಲರನ್ನ ಹಲ್ಲುಚಕ್ರದಿಂದ ದೂರ ಇಡೋ ಬಿ-ಟೆನ್ಷನ್ ಸ್ಕ್ರೂನ ಕೊನೆವರೆಗೂ ತಿರುಗಿಸಿ ಹೆಂಗೋ ಸದ್ದು ಕಮ್ಮಿ ಮಾಡಿ, ಬಿಲ್ಲಲ್ಲಿ 'ಕ್ಯಾಸೆಟ್ ಅಪ್‌ಗ್ರೇಡ್, ಫುಲ್ ಟ್ಯೂನಿಂಗ್' ಅಂತ ಬರೆದು ದುಡ್ಡು ತಗೊಂಡ್ರಿ. ಹಿಂದೆ ಆರು ಹಲ್ಲು ಜಾಸ್ತಿ ಆದ್ರೆ ಚೈನು ಚಕ್ರದ ಅರ್ಧ ಸುತ್ತು ಮಾತ್ರ ಹಿಡಿಯೋದ್ರಿಂದ ಮೂರು ಲಿಂಕ್ ಉದ್ದ ಬೇಕು, ಚೈನು ಜೋಡಿ ಲೆಕ್ಕದಲ್ಲೇ ಸೇರೋದ್ರಿಂದ ನಾಲ್ಕು. ಒಂದು ಲಿಂಕೂ ಸೇರಿಸಿರಲಿಲ್ಲ.

ಲಲಿತಮಹಲ್ ಕಡೆಯಿಂದ ಬಂದು ಏರು ಶುರುವಾಗೋ ಜಾಗದಲ್ಲಿ ಇನ್ನೂ ಮುಂದೆ 50ರಲ್ಲೇ ಇದ್ದೆ, ಹಿಂದೆ ಒಂದೊಂದೇ ಗೇರ್ ಇಳಿಸ್ತಾ ದೊಡ್ಡ ಚಕ್ರದ ಕಡೆ ಬಂದೆ, ಎಲ್ಲರೂ ಹಂಗೇ ಮಾಡೋದು. 34ಕ್ಕೆ ಬಿದ್ದ ಕ್ಷಣ ಪೆಡಲ್ ಕಲ್ಲಾಯ್ತು. ಟಕ್ ಅಂತ ಡಿರೇಲರ್ ತೂಗುಹಾಕಿರೋ ಹ್ಯಾಂಗರ್ ಮುರೀತು, ಡಿರೇಲರ್ ಹೋಗಿ ಹಿಂದಿನ ಚಕ್ರದ ಕಡ್ಡಿಗೆ ಸಿಕ್ಕಿಹಾಕ್ಕೊಂತು, ಶೂ ಪೆಡಲಿಗೆ ಲಾಕ್ ಆಗಿತ್ತು, ಬಲಗಡೆಗೆ ರಸ್ತೆ ಮಧ್ಯಕ್ಕೆ ಬಿದ್ದೆ. ಹಿಂದೆ ಬೆಟ್ಟದ ಬಸ್ ಬರ್ತಿತ್ತು, ಡ್ರೈವರ್ ಪುಣ್ಯಾತ್ಮ, ಬ್ರೇಕ್ ಹಾಕಿದ. ಮೊಣಕೈ ತರಚಿದ್ದು ವಾಸಿಯಾಗಿದೆ. ಇದೇ ನಡು ಏರಲ್ಲಿ ಆಗಿದ್ರೆ, ಅದೂ ತಿರುವಲ್ಲಿ, ಅನ್ನೋದನ್ನ ನನ್ನ ಹೆಂಡತಿ ಇವತ್ತಿಗೂ ಕೇಳ್ತಾಳೆ, ನನ್ನ ಹತ್ರ ಉತ್ತರ ಇಲ್ಲ.

ಈಗ ನಿಮ್ಮ ಕೌಂಟರಲ್ಲಿ ನಡೆದದ್ದು ಬರೀತೀನಿ. ಒಂದು ಮಾತೂ ಬಿಡಲ್ಲ, ಯಾಕಂದ್ರೆ ನೀವು ಆವತ್ತು ಇರಲಿಲ್ಲ, ನಿಮ್ಮ ಮ್ಯಾನೇಜರು ನಿಮಗೆ ಬೇರೆ ಥರ ಹೇಳಿರ್ತಾರೆ.

ಶನಿವಾರ ಸಂಜೆ, ಅಂಗಡಿ ತುಂಬಿತ್ತು. ನಾನು ಸೈಕಲನ್ನ ಹೆಗಲ ಮೇಲೆ ಹೊತ್ಕೊಂಡು ಒಳಗೆ ಬಂದೆ, ಹಿಂದಿನ ಚಕ್ರ ತಿರುಗ್ತಾನೇ ಇರಲಿಲ್ಲ. ಮ್ಯಾನೇಜರ್ ಕಂಪ್ಯೂಟರಿಂದ ತಲೆ ಎತ್ತದೆ 'ಏನ್ ಅಂಕಲ್, ಬೀಳ್ಸಿದ್ರಾ' ಅಂದ್ರು. ಬೀಳಿಸಲಿಲ್ಲ, ಹ್ಯಾಂಗರ್ ಮುರಿದು ಬಿದ್ದೆ, ನೀವು ಕ್ಯಾಸೆಟ್ ಹಾಕಿದ ಮೇಲೆ ಹಿಂಗಾಗಿದೆ ಅಂದೆ. 'ಮುಂದೆ ಯಾವುದರಲ್ಲಿತ್ತು?' ಅಂದ್ರು. 50 ಅಂದೆ. ಆಗ ಅವರು ಎದ್ದು ನಿಂತು, ಪಕ್ಕದಲ್ಲಿ ಹೆಲ್ಮೆಟ್ ನೋಡ್ತಿದ್ದ ಹುಡುಗರಿಗೂ ಕೇಳೋ ಹಂಗೆ, 'ನೋಡಿ ಅಂಕಲ್, ದೊಡ್ಡದರಲ್ಲಿ ದೊಡ್ಡದು ಹಾಕಬಾರದು, ಇದು ಬೇಸಿಕ್ಕು, ಗೇರ್ ಸೈಕಲ್ ಓಡಿಸೋಕೆ ಮೊದಲು ಕಲೀಬೇಕು' ಅಂದ್ರು. ಆ ಹುಡುಗರು ನಕ್ಕರು. ನಾನು ಸಮಾಧಾನವಾಗಿ, ಹಂಗೆ ಓಡಿಸಬಾರದು ನಿಜ, ಆದ್ರೆ ಅಪ್ಪಿತಪ್ಪಿ ಬಿದ್ರೂ ತಡ್ಕೊಳ್ಳಲಿ ಅಂತ ತಾನೇ ಚೈನನ್ನ ದೊಡ್ಡದು-ದೊಡ್ಡದರ ಮೇಲೆ ಸುತ್ತಿ ಅಳತೆ ಮಾಡೋದು, ನೀವು ಅಳೆದ್ರಾ ಅಂತ ಕೇಳಿದೆ. ಅದಕ್ಕೆ ಉತ್ತರ ಇಲ್ಲ. 'ಯೂಟ್ಯೂಬ್ ನೋಡ್ಕೊಂಡು ಬಂದು ನಮಗೆ ಹೇಳ್ಬೇಡಿ' ಅಂದ್ರು.

ಅಷ್ಟರಲ್ಲಿ ಒಳಗಿಂದ ನಿಮ್ಮ ಮೆಕ್ಯಾನಿಕ್ ಹುಡುಗ ಬಂದ. ನೆಲದಲ್ಲಿ ಕೂತು ಚೈನ್ ಬಿಡಿಸಿ, ಎರಡು ದೊಡ್ಡ ಚಕ್ರದ ಮೇಲೆ ಎಳೆದು ಹಿಡಿದು ನೋಡಿದ. ಎರಡು ತುದಿ ಸರಿಯಾಗಿ ಕೂಡಲೇ ಇಲ್ಲ. ಗ್ರೀಸ್ ಹತ್ತಿದ ಹೆಬ್ಬೆರಳಲ್ಲಿ ಲಿಂಕ್ ಎಣಿಸಿ, ಮೆಲ್ಲಗೆ 'ಸಾರ್, ಚೈನ್ ಚಿಕ್ಕದಾಗಿದೆ, ಇದಕ್ಕೆ ಲಾಂಗ್ ಕೇಜ್ ಬೇಕಿತ್ತು' ಅಂದ. ಅಲ್ಲಿಗೆ ಮುಗೀಬೇಕಿತ್ತು. ಮ್ಯಾನೇಜರ್ 'ನಿನ್ನ ಯಾರು ಕೇಳಿದ್ರು, ಒಳಗೆ ಹೋಗು' ಅಂತ ಗದರಿದ್ರು, ಆ ಹುಡುಗನ ಮುಖ ಸಣ್ಣಗಾಯ್ತು, ಎದ್ದು ಹೋದ. ಆಮೇಲೆ ನನ್ನ ಕಡೆ ತಿರುಗಿ, 'ಅಂಕಲ್, ಈ ವಯಸ್ಸಲ್ಲಿ ಬೆಟ್ಟ ಗಿಟ್ಟ ಯಾಕೆ, ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಮಾಡಿ, ಆರೋಗ್ಯಕ್ಕೆ ಒಳ್ಳೇದು' ಅಂದ್ರು. ಸ್ವಾಮಿ, ನಾನು ನಿಮ್ಮ ಅಂಗಡಿಗೆ ಬಂದಿದ್ದು ಆರೋಗ್ಯದ ಸಲಹೆಗಲ್ಲ. ನಾನೇನು ತುಳೀಬೇಕು ಎಲ್ಲಿ ತುಳೀಬೇಕು ಅಂತ ಹೇಳೋ ಅಧಿಕಾರ ಅವರಿಗೆ ಯಾರು ಕೊಟ್ರು?

ಕೆಲಸ ಅಂದ ಮೇಲೆ ತಪ್ಪಾಗತ್ತೆ. ಆ ಹುಡುಗ ತಪ್ಪು ಎಲ್ಲಿದೆ ಅಂತ ಒಂದೇ ನಿಮಿಷದಲ್ಲಿ ಕಂಡುಹಿಡಿದ, ಅವನನ್ನ ಕೇಳಿದ್ರೆ ಮುಂದೆ ನಿಮ್ಮಲ್ಲಿ ಯಾರ ಚೈನೂ ಹಿಂಗೆ ಹೋಗಲ್ಲ. ನೀವು ಬಾಯಿ ಮುಚ್ಚಿಸಿದ್ರಿ. ನನಗೆ ನಿಜವಾದ ಭಯ ಇರೋದು ಅದರ ಬಗ್ಗೆನೇ, ನಾಳೆ ಯಾರದೋ ಮನೆ ಮಗು ಇದೇ ಅಪ್‌ಗ್ರೇಡ್ ಮಾಡಿಸ್ಕೊಂಡು ಬೆಟ್ಟಕ್ಕೆ ಹೋಗತ್ತೆ, ಅಲ್ಲಿ ಬಸ್ ಡ್ರೈವರ್ ಬ್ರೇಕ್ ಹಾಕ್ತಾನೆ ಅಂತ ಏನು ಗ್ಯಾರಂಟಿ. ಈ ಪತ್ರ ಓದಿ ಆ ಹುಡುಗನ ಮೇಲೆ ಹಾರಾಡಬೇಡಿ, ನಿಮ್ಮ ಅಂಗಡೀಲಿ ಕೆಲಸ ಗೊತ್ತಿರೋನು ಅವನೊಬ್ಬನೇ ಅಂತ ನನಗನ್ಸತ್ತೆ.

ನಿಮ್ಮ ಬಿಲ್ಲಿನ ಹಿಂದೆನೇ ಪ್ರಿಂಟ್ ಆಗಿದೆ, ಲೇಬರ್ ಕೆಲಸಕ್ಕೆ 30 ದಿನ ವಾರಂಟಿ ಅಂತ. ನಾನು ಆ ಅವಧಿ ಒಳಗೇ ಬಂದಿದ್ದೀನಿ. ಉದ್ದ ಕೇಜಿನ ಡಿರೇಲರ್, ಹೊಸ ಚೈನ್, ಹ್ಯಾಂಗರ್, ಬಗ್ಗಿದ ಕಡ್ಡಿಗಳು, ಇಷ್ಟೂ ನಿಮ್ಮ ಖರ್ಚಲ್ಲಿ ಆಗಬೇಕು, ಕೊಡುವಾಗ ನನ್ನ ಕಣ್ಣೆದುರಿಗೆ ದೊಡ್ಡದು-ದೊಡ್ಡದು, ಚಿಕ್ಕದು-ಚಿಕ್ಕದು ಎರಡೂ ಹಾಕಿ ತೋರಿಸಬೇಕು. 'ರೈಡರ್ ಮಿಸ್‌ಯೂಸ್' ಅಂತ ಬರೆದ ಎಸ್ಟಿಮೇಟ್ ವಾಪಸ್ ತಗೊಂಡು, ತಪ್ಪು ನಮ್ಮದು ಅಂತ ನಿಮ್ಮ ಲೆಟರ್‌ಹೆಡ್ಡಲ್ಲಿ ಬರೆದುಕೊಡಬೇಕು. ದುಡ್ಡಿಗಿಂತ ನನಗೆ ಅದು ಮುಖ್ಯ.

15 ದಿನ ಕಾಯ್ತೀನಿ. ಆಮೇಲೆ ಮೊದಲು 1915 ಗ್ರಾಹಕರ ಸಹಾಯವಾಣಿ, ಅದಕ್ಕೂ ಜಗ್ಗಲಿಲ್ಲ ಅಂದ್ರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಆಯೋಗ. 5 ಲಕ್ಷದೊಳಗಿನ ವ್ಯವಹಾರದ ದೂರಿಗೆ ಅಲ್ಲಿ ಫೀಸೂ ಇಲ್ಲ, ಲಾಯರೂ ಬೇಕಿಲ್ಲ, ನಾನೇ ನಿಂತು ವಾದ ಮಾಡ್ತೀನಿ, ರಿಟೈರ್ ಆಗಿದ್ದೀನಿ, ನನಗೆ ಟೈಮ್ ಬೇಕಾದಷ್ಟಿದೆ. ಮುರಿದ ಹ್ಯಾಂಗರ್, ಡಿರೇಲರ್, ನಿಮ್ಮ ಬಿಲ್, ಜಾಬ್ ಕಾರ್ಡ್, ಕತ್ತರಿಸಿದ ಆ ಚೈನ್ ಎಲ್ಲಾ ಕವರಲ್ಲಿ ಹಾಕಿ ಇಟ್ಟಿದ್ದೀನಿ. ಭಾನುವಾರ ಬೆಳಗ್ಗೆ ಬೆಟ್ಟದ ಕೆಳಗೆ ಸೇರೋ ನಮ್ಮ ಸೈಕಲ್ ಬಳಗದಲ್ಲಿ ಅರ್ಧಕ್ಕರ್ಧ ಜನ ನಿಮ್ಮ ಹತ್ರಾನೇ ಸರ್ವೀಸ್ ಮಾಡಿಸೋದು, ಇಲ್ಲಿವರೆಗೆ ನಾನು ಅವರಿಗೆ ಅಂಗಡಿ ಹೆಸರು ಹೇಳಿಲ್ಲ. 16ನೇ ದಿನ ಭಾನುವಾರ ಬರತ್ತೆ, ಕ್ಯಾಲೆಂಡರ್ ನೋಡ್ಕೊಳ್ಳಿ.

ಇಂತಿ,
ನಿಮ್ಮ ಗ್ರಾಹಕ