ಎಡ ಅಂಚಿಗೆ ಹೋದ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಸೋಮವಾರ ಬಂತು. ಹಾಸ್ಟೆಲ್ ಊಟ, ಪರೀಕ್ಷೆ ಎಲ್ಲ ನಿನ್ನಮ್ಮ ಆಗಲೇ ಹೇಳಿದ್ದಾಳೆ, ಅದು ಬಿಡು. ಕೊನೆಯಲ್ಲಿ ನಿನ್ನ ಫುಟ್‌ಬಾಲ್ ಬಗ್ಗೆ ಒಂದು ಸಾಲು ಬರೆದಿದ್ದೀಯಲ್ಲ: 'ನನ್ನನ್ನು ನಡುವಿನಿಂದ ತೆಗೆದು ಎಡಗಡೆ ಅಂಚಿಗೆ ಹಾಕಿದ್ದಾರೆ ದೊಡ್ಡಪ್ಪ, ಇನ್ನು ನಾನು ಗೋಲು ಹೊಡೆದ ಹಾಗೇ.' ಅದೊಂದೇ ಸಾಲು ತಲೆಯಲ್ಲಿ ಕೂತುಬಿಟ್ಟಿದೆ. ರಾತ್ರಿ ಎದ್ದು ದೀಪ ಹಾಕಿ ಮತ್ತೆ ಓದಿದೆ.

ನಮ್ಮ ಕಾಲದಲ್ಲಿ ಆ ಜಾಗಕ್ಕೆ ಲೆಫ್ಟ್ ಔಟ್ ಅಂತಿದ್ದೆವು. ನಾನು ಆಡಿದ್ದು ಈಚೆ ಕಡೆ, ರೈಟ್ ಔಟ್. ಹೆಸರಲ್ಲೇ 'ಔಟ್' ಇದೆ, ನೋಡು. ನಿನಗೆ ಈಗ ಆಗುತ್ತಿರುವ ಭಯ ನನಗೂ ಆಗಿತ್ತು. ಅದಕ್ಕೇ ನಿನ್ನ ಸಾಲು ಇಷ್ಟು ಚುಚ್ಚಿದ್ದು.

ಕ್ಲಿಫ್ ಬ್ಯಾಸ್ಟಿನ್ ಅಂತ ಒಬ್ಬ ಇದ್ದ. ಇಂಗ್ಲೆಂಡಿನ ಎಕ್ಸೆಟರ್ ಊರಿನ ಹುಡುಗ, 1912ರಲ್ಲಿ ಹುಟ್ಟಿದವನು. ನಿನ್ನ ಹಾಗೆಯೇ ಒಳಗಡೆ ಫಾರ್ವರ್ಡ್ ಆಡುತ್ತಿದ್ದ. 1929ರಲ್ಲಿ, ಹದಿನೇಳು ವರ್ಷಕ್ಕೆ, ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಅವನನ್ನು ಲಂಡನ್ನಿನ ಆರ್ಸೆನಲ್ ಕ್ಲಬ್ಬಿಗೆ ಕರೆದುಕೊಂಡು ಬಂದು ಎಡ ಅಂಚಿನಲ್ಲಿ ನಿಲ್ಲಿಸಿದರು. ನಿನಗಾದದ್ದೇ ಅವನಿಗೂ ಆಯಿತು, ಅಲ್ವಾ?

ಆಗಿನ ವಿಂಗರ್‌ಗೆ, ಅಂದರೆ ಅಂಚಿನ ಆಟಗಾರನಿಗೆ, ಒಂದೇ ಕೆಲಸ. ಗೆರೆ ಹಿಡಿದು ಓಡು, ಮೂಲೆ ಹತ್ತಿರ ಹೋಗು, ಕ್ರಾಸ್ ಹಾಕು, ಅಂದರೆ ಚೆಂಡನ್ನು ಗೋಲಿನ ಮುಂದಕ್ಕೆ ಒದೆ. ಗೋಲು ಹೊಡೆಯುವವನು ನಡುವೆ ನಿಂತವನು. ಬ್ಯಾಸ್ಟಿನ್ ಹಾಗೆ ಗೆರೆಗೆ ಅಂಟಿಕೊಳ್ಳಲಿಲ್ಲ. ಗೆರೆಯಿಂದ ಒಂದಿಷ್ಟು ಒಳಗೇ ಇರುತ್ತಿದ್ದ. ಹಿಂದೆ ಅಲೆಕ್ಸ್ ಜೇಮ್ಸ್ ಅಂತ ಒಬ್ಬ ಗಿಡ್ಡ ಸ್ಕಾಟಿಷ್ ಆಟಗಾರ. ಅವನು ಚೆಂಡು ಹಿಡಿದು, ಗೋಲು ಕಾಯುವ ಎದುರಾಳಿ ಬ್ಯಾಕ್‌ನ ಬೆನ್ನ ಹಿಂದೆ ಉದ್ದದ ಪಾಸ್ ಬಿಡುತ್ತಿದ್ದ. ಬ್ಯಾಸ್ಟಿನ್ ಮೂಲೆ ಕಡೆ ತಿರುಗದೆ ಸೀದಾ ಗೋಲಿನ ಕಡೆಗೇ ನುಗ್ಗುತ್ತಿದ್ದ. ಕೀಪರ್ ಎದುರಿಗೆ ಬಂದರೂ ಗಾಬರಿ ಇಲ್ಲ. 1932-33ರಲ್ಲಿ ಎಡ ಅಂಚಿನಿಂದಲೇ ಲೀಗ್‌ನಲ್ಲಿ 33 ಗೋಲು ಹೊಡೆದ. ಬಲಗಡೆ ಜೋ ಹ್ಯೂಮ್ 20. ಆ ವರ್ಷ ತಂಡ ಹೊಡೆದದ್ದು 118 ಗೋಲು. ಅರ್ಧದ ಹತ್ತಿರ ಅಂಚಿನ ಇಬ್ಬರದೇ! ಒಟ್ಟು ಆರ್ಸೆನಲ್‌ಗೆ ಅವನ ಗೋಲು 178. ಕ್ಲಬ್ಬಿನ ಆ ದಾಖಲೆ ಮುರಿಯಲು 1997 ಬರಬೇಕಾಯಿತು.

ಈ ಲೆಕ್ಕ ನಾನು ಓದಿದ್ದು ಆಟ ಬಿಟ್ಟು ಎಷ್ಟೋ ವರ್ಷ ಆದ ಮೇಲೆ. ಓದಿದ ದಿನ ಸಂಕಟವಾಯಿತು ಪುಟ್ಟಿ. ಯಾಕೆ ಅಂತ ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ.

ನಮ್ಮ ಕಾರ್ಖಾನೆ ತಂಡದ ಸೆಮಿಫೈನಲ್. ಇನ್ನು ಐದು ನಿಮಿಷ ಇತ್ತು. ಎಡಗಡೆಯಿಂದ ಕ್ರಾಸ್ ಬಂತು, ಕೀಪರ್ ಹಾರಿ ಬಿದ್ದ, ಚೆಂಡು ಯಾರಿಗೂ ಸಿಗದೆ ಗೋಲಿನ ಮುಂದೆಯೇ ಉರುಳಿ ಬಂತು. ನಾನು ಸುಣ್ಣದ ಗೆರೆ ಮೇಲೆ ನಿಂತಿದ್ದೆ. ನನ್ನ ಜಾಗ ಇದು, ಅದು ಸೆಂಟರ್ ಫಾರ್ವರ್ಡ್ ಜಾಗ ಅಂತ ನಿಂತೇ ಇದ್ದೆ. ಚೆಂಡು ಕಂಬದ ಪಕ್ಕ ಹಾದು ಆಚೆ ಹೋಯಿತು. ನಾವು ಸೋತೆವು. ಯಾರೂ ನನ್ನನ್ನು ಬೈಯಲಿಲ್ಲ, ನನ್ನ ಚೆಂಡು ಅದು ಅಂತ ಯಾರಿಗೂ ಅನ್ನಿಸಿರಲೇ ಇಲ್ಲ. ನನಗೆ ಮಾತ್ರ ಈಗಲೂ ಆ ಚೆಂಡು ಕಣ್ಣಿಗೆ ಕಟ್ಟಿದ ಹಾಗಿದೆ.

ನನ್ನನ್ನು ಹೊರಗೆ ಹಾಕಿದ್ದು ಕೋಚ್ ಅಂತ ಬಹಳ ದಿನ ಅಂದುಕೊಂಡಿದ್ದೆ. ಅವರು ನಿಲ್ಲಿಸಿದ್ದು ಅಂಚಿನಲ್ಲಿ, ನಿಜ. ಒಳಗೆ ಬರಬೇಡ ಅಂತ ಯಾವತ್ತೂ ಹೇಳಿರಲಿಲ್ಲ.

ಇನ್ನೊಂದು ಬರೆದಿದ್ದೀಯ, ಅಲ್ಲಿ ನಿಂತರೆ ಯಾರ ಕೂಗೂ ಕೇಳಲ್ಲ, ಒಬ್ಬಳೇ ಅನ್ನಿಸುತ್ತೆ ಅಂತ. ಬ್ಯಾಸ್ಟಿನ್‌ಗೆ ಆಡುತ್ತಿದ್ದಾಗಲೇ ಕಿವಿ ಮಂದವಾಗುತ್ತಾ ಬಂದಿತ್ತು. ಎರಡನೇ ಮಹಾಯುದ್ಧ ಬಂದಾಗ ಕಿವಿಯ ಪರೀಕ್ಷೆಯಲ್ಲಿ ಫೇಲಾಗಿ ಸೈನ್ಯಕ್ಕೆ ಸೇರಲಾಗಲಿಲ್ಲ. ಅಂಥವನು ಜಾಸ್ತಿ ಕಣ್ಣಿನಿಂದಲೇ ಆಡಿರಬೇಕು ಅಂತ ನನ್ನ ಊಹೆ. ನೀನೂ ಕೂಗಿಗೆ ಕಾಯಬೇಡ, ನಿನ್ನ ಹಿಂದೆ ಆಡುವ ಹುಡುಗಿ ತಲೆ ಎತ್ತುವುದನ್ನು ನೋಡುತ್ತಿರು. ಅವಳ ಜೊತೆ ಮಾತಾಡು, ಊಟಕ್ಕೆ ಒಟ್ಟಿಗೆ ಕೂರು. ನನ್ನ ಹಿಂದೆ ಆಡುತ್ತಿದ್ದ ಹಾಫ್ ಪಾಸ್ ಕೊಡಲ್ಲ ಅಂತ ಒಂದು ಸೀಸನ್ ಪೂರ್ತಿ ಮುನಿಸಿಕೊಂಡಿದ್ದೆ. ಎಲ್ಲಿ ಬೇಕು ಅಂತ ಅವನಿಗೆ ಒಂದು ಸಲವೂ ಹೇಳಲಿಲ್ಲ. ಎಂಥಾ ದಡ್ಡತನ.

ನಾನೇನು ಕೋಚ್ ಅಲ್ಲ. ಈಗಿನ ಆಟವೇ ಬೇರೆ, ನಿಮ್ಮ ಕೋಚ್ ಬೇರೆ ಹೇಳಿದರೆ ಅವರ ಮಾತೇ ಕೇಳು. ಆದರೂ ಬಲಗಡೆ ಚೆಂಡು ಇದ್ದಾಗ ಗೆರೆ ಬಿಟ್ಟು ಹತ್ತು ಹೆಜ್ಜೆ ಒಳಗೆ ಬಾ. ಆಚೆ ಕಂಬದ ಹತ್ತಿರ ಇರು. ಹತ್ತರಲ್ಲಿ ಒಂಬತ್ತು ಸಲ ಸುಮ್ನೆ ಓಡಿದ ಹಾಗಾಗುತ್ತೆ, ಬೇಜಾರು ಮಾಡಿಕೊಳ್ಳಬೇಡ.

ಶನಿವಾರ ಮ್ಯಾಚ್ ಮುಗಿದ ಮೇಲೆ ಬರೆ. ಬಲಗಡೆಯಿಂದ ಕ್ರಾಸ್ ಬಂದಾಗ ಎಲ್ಲಿ ನಿಂತಿದ್ದೆ ಅಂತ ಒಂದು ಚಿತ್ರ ಬಿಡಿಸಿ ಕಳಿಸು. ಪೆನ್ಸಿಲ್ಲಿನಲ್ಲಿ ಆದರೂ ಸರಿ.

ನಿನ್ನ,
ದೊಡ್ಡಪ್ಪ